ಕಾಗದಕ್ಕೆ ಸಿಗುವ ಸೀಲು ಫೈಲಿಗೂ ಸಿಗಲಿ: ಚಿಕ್ಕಬಳ್ಳಾಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಈ ಪತ್ರದ ಒಂದು ಪ್ರತಿಯನ್ನು ತಮ್ಮ ಕಚೇರಿಯ ಟಪಾಲು ವಿಭಾಗಕ್ಕೂ ಕೊಟ್ಟು ಬಂದಿದ್ದೇನೆ. ಅಲ್ಲಿದ್ದವರು ನನ್ನ ಪ್ರತಿಯ ಮೂಲೆಗೆ ಸೀಲು ಹೊಡೆದು, ತಾರೀಖು ಬರೆದು, ಚಿಕ್ಕದೊಂದು ಸಹಿ ಹಾಕಿ ವಾಪಸ್ ಕೊಟ್ಟರು. ಅರ್ಧ ನಿಮಿಷದ ಕೆಲಸ. ಈ ಪತ್ರ ಆ ದಿನಕ್ಕೆ ಇರಲೇ ಇಲ್ಲ ಅಂತ ಇನ್ನು ಯಾರೂ ಹೇಳುವ ಹಾಗಿಲ್ಲ. ನಾನು ಕೇಳುತ್ತಿರುವುದು ಅದನ್ನೇ. ಕಾಗದಕ್ಕೆ ಸಿಗುವ ಆ ಸೀಲು ನಮ್ಮ ಕಂಪ್ಯೂಟರ್ ಫೈಲುಗಳಿಗೂ ಸಿಗಬೇಕು, ಅದೂ ನಮ್ಮ ಊರಿನಲ್ಲೇ, ಪಹಣಿ ತೆಗೆಸುವಷ್ಟು ಸುಲಭವಾಗಿ.

ಇದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿರುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ನೋಟ್ಸ್ ಮಾಡುವ ಟೀಚರ್‌ಗಳಿದ್ದಾರೆ, ಮದುವೆ ಫೋಟೋ ತೆಗೆಯುವ ಹುಡುಗರಿದ್ದಾರೆ, ಲಗ್ನಪತ್ರಿಕೆ ಡಿಸೈನ್ ಮಾಡುವ ಡಿಟಿಪಿ ಅಂಗಡಿಯವರಿದ್ದಾರೆ, ಭಜನೆ ಹಾಡು ರೆಕಾರ್ಡ್ ಮಾಡಿ ಹಾಕುವವರಿದ್ದಾರೆ. ಇವರಲ್ಲಿ ಯಾರನ್ನೇ ಕೇಳಿ, ನಮ್ಮದನ್ನು ಬೇರೆಯವರು ಹೆಸರು ಅಳಿಸಿ ಹಾಕಿಕೊಂಡರು ಅನ್ನುವ ಕಥೆ ಒಂದಾದರೂ ಇರುತ್ತದೆ. ನನ್ನದೂ ಇದೆ.

ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮನೆಯಲ್ಲೇ ಗಣಿತ ಟ್ಯೂಷನ್ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ನೋಟ್ಸ್ ಕಡಿಮೆ ಅಂತ ನಾನೇ ಬರೆಯಲು ಕೂತೆ. ಮೂರು ವರ್ಷ ಹಿಡಿಯಿತು. 148 ಪುಟ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆ, ವೃತ್ತ ತ್ರಿಭುಜಗಳನ್ನೆಲ್ಲ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿ ಸೇರಿಸುತ್ತಿದ್ದೆ. ಸಂಖ್ಯಾಶಾಸ್ತ್ರದ ಪಾಠಕ್ಕೆ ಲೆಕ್ಕ ಬೇಕಾದಾಗ ಮನೆಯಲ್ಲೇ ಸಿಕ್ಕಿತು. ನಮ್ಮಪ್ಪ ರೇಷ್ಮೆ ಬೆಳೆಯುತ್ತಾರೆ. ಗೂಡು ಮಾರಿದ ಪ್ರತಿ ಸಲದ ಚೀಟಿಯನ್ನೂ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಅದರಿಂದ 30 ಬೆಳೆಯ ತೂಕ ತೆಗೆದುಕೊಂಡು ಸರಾಸರಿ, ಮಧ್ಯಾಂಕ, ಬಹುಲಕ ಕಂಡುಹಿಡಿಯುವ ಲೆಕ್ಕ ಮಾಡಿದೆ. ನಮ್ಮ ಮಕ್ಕಳಿಗೆ ಕ್ರಿಕೆಟ್ ಸ್ಕೋರಿಗಿಂತ ಗೂಡಿನ ತೂಕ ಚೆನ್ನಾಗಿ ಗೊತ್ತು.

ನೋಟ್ಸ್ ಮುಗಿದ ಮೇಲೆ ಪಿಡಿಎಫ್ ಮಾಡಿ ಮಕ್ಕಳ ಗ್ರೂಪಿಗೆ ಸುಮ್ನೆ ಕಳಿಸಿದೆ. ದುಡ್ಡು ತೆಗೆದುಕೊಳ್ಳಲಿಲ್ಲ, ಪ್ರತಿ ಪುಟದ ಕೆಳಗೆ ಹೆಸರು ಮಾತ್ರ ಇತ್ತು. ಮುಂದಿನ ವರ್ಷ ಚಿಂತಾಮಣಿ ಕಡೆಯ ಒಬ್ಬ ತಾಯಿ ಫೋನ್ ಮಾಡಿ, ‘ಮಿಸ್, ಇದು ನಿಮ್ಮ ನೋಟ್ಸ್ ಅಲ್ವಾ? ಬೇರೆಯವರ ಹೆಸರಿದೆ, ದುಡ್ಡು ಕೊಟ್ಟು ತಂದ್ವಿ’ ಅಂದರು. ಒಂದು ಕೋಚಿಂಗ್ ಸೆಂಟರ್‌ನವರು ನನ್ನ ಹೆಸರು ಅಳಿಸಿ, ಅವರ ಲೋಗೋ ಹಾಕಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಮಾರುತ್ತಿದ್ದರು. ಹೆಸರು ಹೇಳುವುದು ನನಗೆ ಬೇಡ. ಜಗಳ ತೆಗೆಯಲು ಈ ಪತ್ರ ಬರೆಯುತ್ತಿಲ್ಲ.

ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ‘ನೀವೇ ನಮ್ಮದನ್ನು ಕಾಪಿ ಮಾಡಿದ್ದೀರಿ. ನಿಮ್ಮದು ಮೊದಲು ಅನ್ನೋದಕ್ಕೆ ಪ್ರೂಫ್ ಏನು?’

ಪ್ರೂಫ್ ಹುಡುಕಲು ಹೋದೆ. ಅವರ ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ನೋಡಿದರೆ, ಅದು ತಯಾರಾದ ತಾರೀಖು ನನ್ನ ಪಿಡಿಎಫ್‌ಗಿಂತ ಹಿಂದಿನದು! ಹೇಗೆ ಅಂದರೆ, ನಾನು ಒಂದೆರಡು ತಪ್ಪು ತಿದ್ದಿ ಪಿಡಿಎಫ್ ಅನ್ನು ಮತ್ತೆ ಹೊಸದಾಗಿ ಮಾಡಿ, ಹಳೆಯದನ್ನು ಅಳಿಸಿಬಿಟ್ಟಿದ್ದೆ. ಸರಿ, ಮೂಲ ವರ್ಡ್ ಫೈಲ್ ಇದೆಯಲ್ಲ ಅಂತ ಅದನ್ನು ತೆಗೆದರೆ, ಅದರ ತಾರೀಖು 2009ರ ಜನವರಿ 1. ಆಗ ನಾನೇ ಎಂಟನೇ ಕ್ಲಾಸಿನಲ್ಲಿದ್ದೆ. ನಮ್ಮ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನ ಪುಟ್ಟ ಸೆಲ್ ಸತ್ತುಹೋಗಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗಿ 2009ಕ್ಕೆ ನಿಲ್ಲುತ್ತಿತ್ತು. ನಮ್ಮ ಹಳ್ಳಿಯಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅನ್ನುವುದು ತಮಗೂ ಗೊತ್ತು. ಮೂರು ವರ್ಷದ ಕೆಲಸದಲ್ಲಿ ನಂಬುವಂಥ ಒಂದು ತಾರೀಖೂ ಇರಲಿಲ್ಲ.

ಆ ರಾತ್ರಿ ಅತ್ತಿದ್ದು ನಿಜ.

ಕೊನೆಗೆ ಕೈ ಹಿಡಿದದ್ದು ಅಪ್ಪನ ಬಿಸ್ಕತ್ತಿನ ಡಬ್ಬಿ. ಅವರ ಪುಸ್ತಕದಲ್ಲೂ ಅದೇ 30 ತೂಕ ಇತ್ತು, ಅದೇ ಕ್ರಮದಲ್ಲಿ. ನಾನು ಚೀಟಿಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿ ಹೋಲಿಸುತ್ತಾ ಹೋದೆ. ಹದಿನೇಳನೇ ಚೀಟಿಯಲ್ಲಿ 46.2 ಕೆಜಿ ಅಂತಿದೆ. ನನ್ನ ನೋಟ್ಸ್‌ನಲ್ಲಿ ಅಂಕಿ ತಿರುವುಮುರುವಾಗಿ 64.2 ಅಂತ ಟೈಪ್ ಆಗಿತ್ತು, ನಾನು ನೋಡಿರಲಿಲ್ಲ. ಅವರ ಪುಸ್ತಕದಲ್ಲೂ 64.2. ನಮ್ಮ ಹೊಲದ ಗೂಡಿನ ತೂಕ, ನನ್ನ ಕೈಯ ತಪ್ಪಿನ ಸಮೇತ, ಅವರ ಲೋಗೋದ ಕೆಳಗೆ ಕೂತಿತ್ತು. ಚೀಟಿಗಳ ಫೋಟೋ ತೆಗೆದು ಟೀಚರ್‌ಗಳ ಗ್ರೂಪಿಗೆ ಹಾಕಿದೆ. ಎರಡು ದಿನದಲ್ಲಿ ಅವರ ಪಿಡಿಎಫ್ ಎಲ್ಲ ಕಡೆ ಮಾಯವಾಯಿತು. ಮಾರಿದ ಪುಸ್ತಕ ವಾಪಸ್ ಬರಲಿಲ್ಲ, ತಪ್ಪಾಯಿತು ಅಂತಲೂ ಯಾರೂ ಹೇಳಲಿಲ್ಲ.

ಆಗ ಗೌರಿಬಿದನೂರಿನ ಗೆಳತಿಯೊಬ್ಬಳು ಕೇಳಿದಳು, ‘ನನ್ನ ವಿಜ್ಞಾನ ನೋಟ್ಸ್ ಕದ್ದರೆ ನಾನು ಯಾವ ಚೀಟಿ ತೋರಿಸಲಿ?’ ಉತ್ತರ ಇರಲಿಲ್ಲ. ಅಲ್ಲಿಂದ ಈ ವಿಷಯ ಓದಲು ಶುರು ಮಾಡಿದೆ.

ಗೂಡಿನ ಚೀಟಿ ಯಾಕೆ ಗೆದ್ದಿತು ಅಂತ ಯೋಚನೆ ಮಾಡಿ. ತೂಕ ಬರೆದವರು ಅಪ್ಪ ಅಲ್ಲ, ಗೂಡು ಕೊಂಡ ರೀಲರ್ ಕೂಡ ಅಲ್ಲ. ಮಾರುಕಟ್ಟೆಯವರು. ಅವರಿಗೆ ಯಾರ ಕಡೆಯೂ ಲಾಭ ಇಲ್ಲ, ಅದಕ್ಕೇ ಅವರ ಚೀಟಿಗೆ ಬೆಲೆ. ನನ್ನ ಕಂಪ್ಯೂಟರಿನ ಗಡಿಯಾರ ನನ್ನ ಕೈಯಲ್ಲೇ ಇದೆ, ನಾನು ಬೇಕಾದ ತಾರೀಖು ಇಡಬಹುದು. ಹಾಗಾಗಿ ಅದರ ಮಾತಿಗೆ ಬೆಲೆ ಇಲ್ಲ, ಸೆಲ್ ಸರಿ ಇದ್ದರೂ ಇಲ್ಲ. ಫೈಲಿಗೆ ಬೇಕಾಗಿರುವುದೂ ಮೂರನೆಯವರ ಚೀಟಿ. ಅದು ಇದೆ ಸ್ವಾಮಿ, ಇದ್ದು ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು, ನಮ್ಮ ಕಾನೂನಿನಲ್ಲೂ ಅದಕ್ಕೆ ಜಾಗ ಇದೆ. ಹಳ್ಳಿಯವರೆಗೆ ಬಂದಿಲ್ಲ ಅಷ್ಟೇ.

ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ಓದುತ್ತಿರುವ ಟೀಚರ್‌ಗಳಿಗೂ ಸ್ಟುಡಿಯೋದವರಿಗೂ ಉಪಯೋಗವಾಗಲಿ.

ಮೊದಲು ಹ್ಯಾಶ್. ಒಂದು ಪ್ರೋಗ್ರಾಂ ಇಡೀ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿ, ಒಂದು ಸಾಲು ಉತ್ತರ ಕೊಡುತ್ತದೆ. ಶಾ-256 ಅನ್ನುವ ವಿಧಾನದಲ್ಲಿ ಆ ಸಾಲು ಯಾವಾಗಲೂ 64 ಅಕ್ಷರ, ಫೈಲು ಒಂದು ಪುಟದ್ದಾಗಲಿ ಮೂರು ಗಂಟೆಯ ಮದುವೆ ವಿಡಿಯೋ ಆಗಲಿ. ವಿಂಡೋಸ್ ಕಂಪ್ಯೂಟರಿನಲ್ಲಿ ಇದಕ್ಕೆ ಏನೂ ಹೊಸದಾಗಿ ಹಾಕಿಕೊಳ್ಳಬೇಕಿಲ್ಲ, ಸರ್ಟ್‌ಯುಟಿಲ್ ಅನ್ನುವ ಕಮಾಂಡ್ ಮೊದಲೇ ಇರುತ್ತದೆ. ನಾನು ನೋಟ್ಸ್ ಫೈಲಿನ ಹ್ಯಾಶ್ ತೆಗೆದು ಒಂದು ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ಆ 64.2 ಅನ್ನು 46.2 ಅಂತ ತಿದ್ದಿ, ಸೇವ್ ಮಾಡಿ, ಮತ್ತೆ ತೆಗೆದೆ. 148 ಪುಟದಲ್ಲಿ ಎರಡು ಅಂಕಿ ಜಾಗ ಬದಲಾಯಿಸಿದ್ದವು. ಹ್ಯಾಶ್ ಪೂರ್ತಿ ಬೇರೆ ಬಂತು, ಹಳೆಯದಕ್ಕೂ ಹೊಸದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ. ಹ್ಯಾಶ್ ನೋಡಿ ಫೈಲಿನೊಳಗೆ ಏನಿದೆ ಅಂತ ಕಂಡುಹಿಡಿಯಲೂ ಆಗುವುದಿಲ್ಲ. ಇದು ಬಹಳ ಮುಖ್ಯ. ನಮ್ಮ ಕೆಲಸವನ್ನು ಯಾರಿಗೂ ತೋರಿಸದೆ, ಅದರ ಗುರುತನ್ನು ಮಾತ್ರ ಕೊಡಬಹುದು.

ಆಮೇಲೆ ಡಿಜಿಟಲ್ ಸಹಿ. ತಮ್ಮ ಕಚೇರಿಯಲ್ಲಿ ದಿನಾ ಬಳಸುವ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಸರ್ಟಿಫಿಕೇಟ್, ಅದೇ ಇದು, ಪೆನ್‌ಡ್ರೈವ್‌ನಂತಿರುವ ಟೋಕನ್. ಅದರೊಳಗೆ ಒಂದು ಗುಟ್ಟಿನ ಕೀಲಿ ಇದೆ. ಫೈಲಿನ ಹ್ಯಾಶ್ ಮೇಲೆ ಆ ಕೀಲಿಯಿಂದ ಸಹಿ ಬೀಳುತ್ತದೆ. ಅದಕ್ಕೆ ಜೋಡಿಯಾದ ಇನ್ನೊಂದು ಕೀಲಿ ಸರ್ಟಿಫಿಕೇಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ, ಅದರಿಂದ ಯಾರು ಬೇಕಾದರೂ ಸಹಿ ಪರೀಕ್ಷೆ ಮಾಡಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೇ ಸೆಕ್ಷನ್‌ನಲ್ಲೇ ಈ ಜೋಡಿ ಕೀಲಿ, ಹ್ಯಾಶ್ ಎರಡೂ ಇವೆ. ನಾಡಕಚೇರಿಯಿಂದ ಬರುವ ಜಾತಿ ಆದಾಯ ಪ್ರಮಾಣಪತ್ರದ ಮೇಲೆ, ಆನ್‌ಲೈನಿನಲ್ಲಿ ತೆಗೆಯುವ ಪಹಣಿಯ ಮೇಲೆ ಇರುವುದೂ ಇದೇ ಡಿಜಿಟಲ್ ಸಹಿ. ಅಂದರೆ ನಮ್ಮ ಊರಿನ ಜನ ಇದನ್ನು ಆಗಲೇ ನಂಬಿ ಬದುಕುತ್ತಿದ್ದಾರೆ.

ಆದರೆ ಸಹಿ ಹೇಳುವುದು ‘ಯಾರು’ ಅನ್ನುವುದನ್ನು. ‘ಯಾವಾಗ’ ಅನ್ನುವುದನ್ನು ಅದು ಒಂದೇ ಹೇಳಲಾರದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಪಿಡಿಎಫ್‌ಗೆ ಡಿಎಸ್‌ಸಿಯಿಂದ ಸಹಿ ಹಾಕಿದಾಗ ಪಕ್ಕದಲ್ಲಿ ತಾರೀಖು ಸಮಯ ಕಾಣುತ್ತದೆ, ಅಲ್ವಾ? ಸಹಿಯ ವಿವರ ತೆರೆದು ನೋಡಿ. ಟೈಮ್‌ಸ್ಟಾಂಪ್ ಸರ್ವರ್ ಜೋಡಿಸಿಲ್ಲದಿದ್ದರೆ, ಆ ಸಮಯ ಸಹಿ ಮಾಡಿದವರ ಕಂಪ್ಯೂಟರಿನ ಗಡಿಯಾರದಿಂದ ಬಂದದ್ದು ಅಂತ ಅಲ್ಲೇ ಬರೆದಿರುತ್ತದೆ. ನನ್ನ ಸೆಲ್ ಸತ್ತ ಕಂಪ್ಯೂಟರಿನಲ್ಲಿ ಸಹಿ ಹಾಕಿದ್ದರೆ ಅದೂ 2009 ಅಂತಲೇ ಹೇಳುತ್ತಿತ್ತು.

ಹಾಗಾಗಿ ಮೂರನೆಯದು, ಟೈಮ್‌ಸ್ಟಾಂಪ್. ನಮ್ಮ ಫೈಲಿನ ಹ್ಯಾಶ್ ಮಾತ್ರ ಟೈಮ್‌ಸ್ಟಾಂಪ್ ಸಂಸ್ಥೆಗೆ ಹೋಗುತ್ತದೆ. ಅವರು ಅದಕ್ಕೆ ತಮ್ಮ ಗಡಿಯಾರದ ಸಮಯ ಸೇರಿಸಿ, ಎರಡರ ಮೇಲೂ ತಮ್ಮ ಸಹಿ ಹಾಕಿ, ಚಿಕ್ಕ ಟೋಕನ್ ಫೈಲ್ ವಾಪಸ್ ಕಳಿಸುತ್ತಾರೆ. ಸೆಕೆಂಡುಗಳ ಕೆಲಸ. ಟಪಾಲು ವಿಭಾಗದ ಸೀಲು ಇದ್ದ ಹಾಗೆ, ಆದರೆ ಇದರಲ್ಲಿ ಆಮೇಲೆ ಒಂದು ಅಕ್ಷರ ತಿದ್ದಿದರೂ ಗೊತ್ತಾಗುತ್ತದೆ. ಇದಕ್ಕೆ ಇಡೀ ಪ್ರಪಂಚ ಒಪ್ಪಿದ ನಿಯಮ ಆರ್‌ಎಫ್‌ಸಿ 3161, 2001ರಿಂದ ಇದೆ. ನಮ್ಮ ದೇಶದಲ್ಲಿ ಡಿಎಸ್‌ಸಿ ಕೊಡುವ ಸಂಸ್ಥೆಗಳಿಗೆ ಲೈಸೆನ್ಸ್ ಕೊಡುವವರು ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್. ಟೈಮ್‌ಸ್ಟಾಂಪ್ ಸೇವೆ ಹೇಗಿರಬೇಕು ಅನ್ನುವುದಕ್ಕೂ ಅವರದೇ ಮಾರ್ಗಸೂಚಿ ಇದೆ. ಭಾರತೀಯ ಕಾಲಮಾನವನ್ನು ಇಟ್ಟುಕೊಂಡಿರುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಆ ಗಡಿಯಾರಕ್ಕೆ ಸರಿಹೊಂದಿಸಿದ ಸಮಯ ಶಿಡ್ಲಘಟ್ಟದ ಟೀಚರ್ ಒಬ್ಬಳ ನೋಟ್ಸ್ ಮೇಲೆ ಬೀಳಬಹುದು ಅಂದರೆ ನನಗೆ ನಿಜವಾಗಲೂ ಸಂತೋಷವಾಗುತ್ತದೆ.

ಇದನ್ನು ಮೊದಲು ಯೋಚಿಸಿದವರ ಕಥೆಯೂ ಹೇಳಬೇಕು. ಅಮೆರಿಕದ ಸ್ಟುವರ್ಟ್ ಹೇಬರ್, ಸ್ಕಾಟ್ ಸ್ಟಾರ್ನೆಟ್ಟಾ ಅನ್ನುವ ಇಬ್ಬರು 1991ರಲ್ಲಿ ಡಿಜಿಟಲ್ ದಾಖಲೆಗೆ ತಾರೀಖು ಹಾಕುವುದು ಹೇಗೆ ಅಂತ ಒಂದು ಪ್ರಬಂಧ ಬರೆದರು. ಅವರಿಗೆ ಬಂದ ಪ್ರಶ್ನೆ ಏನೆಂದರೆ, ಸೀಲು ಹೊಡೆಯುವವನೇ ಮೋಸ ಮಾಡಿದರೆ? ಅದಕ್ಕೆ ಅವರು ಕಂಡುಕೊಂಡ ದಾರಿ, ಎಲ್ಲರ ಹ್ಯಾಶ್‌ಗಳನ್ನು ಒಂದಕ್ಕೊಂದು ಕಟ್ಟಿ, ಕೊನೆಗೆ ಬರುವ ಒಂದೇ ಹ್ಯಾಶ್ ಅನ್ನು ಎಲ್ಲರ ಕಣ್ಣಿಗೂ ಬೀಳುವ ಕಡೆ ಹಾಕುವುದು. 1995ರಿಂದ ಅವರ ಕಂಪನಿ ವಾರಕ್ಕೊಮ್ಮೆ ಆ ಹ್ಯಾಶ್ ಅನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಅಚ್ಚು ಹಾಕಿಸಿತು. ಮನೆ ಮನೆಗೆ ಹೋದ ಪೇಪರನ್ನು ಯಾರು ತಿದ್ದಲು ಸಾಧ್ಯ? ನಮ್ಮ ಊರಿನವರಿಗೆ ಇದನ್ನು ಹೇಳಿಕೊಡುವುದು ಸುಲಭ. ರೀಲಿಂಗ್ ಮಾಡುವಾಗ ಹಲವು ಗೂಡುಗಳ ಎಳೆ ಸೇರಿಸಿ ಒಂದೇ ನೂಲು ತೆಗೆಯುತ್ತಾರಲ್ಲ, ಹಾಗೆ. ಹ್ಯಾಶ್‌ಗಳನ್ನು ಎರಡೆರಡಾಗಿ ಸೇರಿಸಿ ಹೊಸ ಹ್ಯಾಶ್ ತೆಗೆದು, ಅವನ್ನೂ ಸೇರಿಸುತ್ತಾ ಹೋದರೆ ಕೊನೆಗೆ ಒಂದು ಉಳಿಯುತ್ತದೆ. ಅದರಲ್ಲಿ ಎಲ್ಲರ ಎಳೆಯೂ ಇರುತ್ತದೆ.

ಈಗ ಯಾರಾದರೂ ಕೇಳಬಹುದು, ಕದ್ದವನೂ ಹೋಗಿ ಟೈಮ್‌ಸ್ಟಾಂಪ್ ಹಾಕಿಸಿಕೊಂಡರೆ? ಹಾಕಿಸಬಹುದು. ಟೈಮ್‌ಸ್ಟಾಂಪ್ ‘ಇದನ್ನು ಬರೆದವರು ಇವರೇ’ ಅಂತ ಹೇಳುವುದಿಲ್ಲ. ‘ಇಂಥ ಹೊತ್ತಿಗೆ ಈ ಫೈಲು ಹೀಗೇ ಇತ್ತು’ ಅಂತ ಮಾತ್ರ ಹೇಳುತ್ತದೆ. ಆದರೆ ಕದಿಯುವವನಿಗೆ ಫೈಲು ಸಿಗುವುದು ನಾವು ಹೊರಗೆ ಬಿಟ್ಟ ಮೇಲೆ. ನಾವು ಬಿಡುವ ಮೊದಲೇ ಹಾಕಿಸಿದ್ದರೆ ಅವನ ತಾರೀಖು ನಮ್ಮದಕ್ಕಿಂತ ಹಿಂದೆ ಹೋಗಲಾರದು. ಇನ್ನೂ ಗಟ್ಟಿ ಬೇಕಾದರೆ ಕೆಲಸ ನಡೆಯುವಾಗಲೇ ಹಾಕಿಸುತ್ತಾ ಹೋಗಬೇಕು. ಮೊದಲ ಪಾಠ ಬರೆದಾಗ ಒಂದು, ಕೈಯಲ್ಲಿ ಬರೆದ ಚಿತ್ರದ ಸ್ಕ್ಯಾನ್‌ಗೆ ಒಂದು, ತಿದ್ದಿದಾಗ ಇನ್ನೊಂದು. ಬೆಳೆದು ಬಂದ ದಾರಿ ತೋರಿಸಲು ಬೆಳೆಸಿದವರಿಗೆ ಮಾತ್ರ ಆಗುತ್ತದೆ, ಕದ್ದವನ ಹತ್ತಿರ ಕೊನೆಯ ಪಿಡಿಎಫ್ ಬಿಟ್ಟು ಬೇರೇನೂ ಇರುವುದಿಲ್ಲ. ಫೋಟೋದವರಾದರೆ ಕ್ಯಾಮೆರಾದಿಂದ ಬಂದ ಮೂಲ ಫೈಲಿಗೇ ಹಾಕಿಸಿ, ಎಡಿಟ್ ಮಾಡಿದ್ದಕ್ಕಲ್ಲ.

ಇನ್ನೊಂದು ಮಾತು. ಹ್ಯಾಶ್ ತೆಗೆದ ಫೈಲನ್ನು ಹಾಗೇ ಮುಟ್ಟದೆ ಇಡಬೇಕು. ವಾಟ್ಸಾಪ್‌ನಲ್ಲಿ ಫೋಟೋವನ್ನು ಫೋಟೋ ಆಗಿಯೇ ಕಳಿಸಿದರೆ ಅದು ಕುಗ್ಗಿ ಬೇರೆ ಫೈಲೇ ಆಗುತ್ತದೆ, ಹ್ಯಾಶ್ ಹೊಂದುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಮೂಲ ಫೈಲು, ಟೈಮ್‌ಸ್ಟಾಂಪ್‌ನ ಟೋಕನ್ ಫೈಲು ಎರಡನ್ನೂ ಎರಡು ಕಡೆ ಇಟ್ಟುಕೊಳ್ಳಿ. ವರ್ಷಗಳು ಕಳೆದ ಹಾಗೆ ಮತ್ತೊಮ್ಮೆ ಟೈಮ್‌ಸ್ಟಾಂಪ್ ಹಾಕಿಸುವುದೂ ಒಳ್ಳೆಯದು, ಯಾಕೆಂದರೆ ಹ್ಯಾಶ್ ವಿಧಾನಗಳೂ ಹಳೆಯದಾಗುತ್ತವೆ. ಶಾ-1 ಅನ್ನುವ ಹಳೆಯ ವಿಧಾನದಲ್ಲಿ ಒಂದೇ ಹ್ಯಾಶ್ ಬರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಮಾಡಿ ತೋರಿಸಿದರು. ಹಾಗಾಗಿ ಶಾ-256 ಅನ್ನೇ ಬಳಸಿ.

ಡಿಎಸ್‌ಸಿ ಇರುವವರಿಗೂ ಒಂದು ವಿನಂತಿ. ನಮ್ಮ ಕಡೆ ಎಷ್ಟೋ ಜನರ ಟೋಕನ್ ಆಡಿಟರ್ ಆಫೀಸಿನ ಡ್ರಾಯರ್‌ನಲ್ಲಿ ಇರುತ್ತದೆ, ಪಾಸ್‌ವರ್ಡ್ ಅದಕ್ಕೇ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ನಂಬಿಕೆಯಿಂದ ಕೊಟ್ಟಿರುತ್ತೀರಿ, ಸರಿ. ಆದರೆ ಗುಟ್ಟಿನ ಕೀಲಿಯನ್ನು ಕಾಪಾಡಿಕೊಳ್ಳುವ ಹೊಣೆ ನಿಮ್ಮದೇ ಅಂತ ಐಟಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ದಯವಿಟ್ಟು ಅದನ್ನು ಮನೆಗೆ ತಂದಿಟ್ಟುಕೊಳ್ಳಿ.

ಕಾನೂನಿನ ಮಾತಿಗೆ ಬರುತ್ತೇನೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದ್ದು, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ಮಾಡಿಸಿದರೆ ಒಳ್ಳೆಯ ಸಾಕ್ಷಿ, ಅದು ನಿಜ. ಬರಹಕ್ಕೆ 500 ರೂಪಾಯಿ ಶುಲ್ಕ. ಆದರೆ ಪ್ರತಿ ಸಲ ತಿದ್ದಿದ ನೋಟ್ಸ್‌ಗೆ, ತಿಂಗಳಿಗೆ ಸಾವಿರ ಫೋಟೋ ತೆಗೆಯುವವರ ಪ್ರತಿ ಫೋಟೋಗೆ ಅದು ಆಗುವ ಮಾತಲ್ಲ. ಜೊತೆಗೆ ಹಕ್ಕು ಯಾವಾಗಲೂ ಮಾಡಿದವರದ್ದೇ ಅಂತಲೂ ತಿಳಿಯಬೇಡಿ. ಕೆಲಸಕ್ಕಿದ್ದ ಸಂಸ್ಥೆಗಾಗಿ ಬರೆದ ನೋಟ್ಸ್, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಗೇ ಸೇರುತ್ತದೆ. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. 17ನೇ ಸೆಕ್ಷನ್ ಓದಿ. ಮದುವೆ ಆರ್ಡರ್ ಹಿಡಿಯುವ ನಮ್ಮ ಹುಡುಗರಿಗೆ ಇದು ಗೊತ್ತಿರಬೇಕು, ಅಡ್ವಾನ್ಸ್ ರಸೀದಿಯಲ್ಲೇ ಒಂದು ಸಾಲು ಬರೆದುಕೊಂಡರೆ ಆಮೇಲೆ ಜಗಳ ಇರುವುದಿಲ್ಲ.

ಇನ್ನು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗ ಬಿಟ್ಟಿದ್ದಾರೆ, ಶಾ-256 ಅಂತ ಟಿಕ್ ಮಾಡುವ ಚೌಕವೂ ಇದೆ. ನಾನು ದೂರು ಕೊಡಲು ಹೋದ ಕಡೆ ಹ್ಯಾಶ್ ಅಂದರೆ ಏನಮ್ಮ ಅಂತ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನನಗೂ ಒಂದು ವರ್ಷದ ಹಿಂದೆ ಗೊತ್ತಿರಲಿಲ್ಲ.

ಜಿಲ್ಲಾಧಿಕಾರಿಗಳೇ, ನನ್ನ ಬೇಡಿಕೆ ಇದು. ಗ್ರಾಮ ಒನ್ ಕೇಂದ್ರಗಳಲ್ಲಿ, ನಾಡಕಚೇರಿಗಳಲ್ಲಿ ಫೈಲಿಗೆ ತಾರೀಖಿನ ಸೀಲು ಹಾಕಿಕೊಡುವ ಸೇವೆ ಸೇರಿಸಿ. ಫೈಲನ್ನು ಅಲ್ಲಿ ಕೊಡಬಾರದು, ಕೇಳಲೂ ಬಾರದು. ಜನ ತಮ್ಮ ಮೊಬೈಲಿನಲ್ಲೇ ಹ್ಯಾಶ್ ತೆಗೆದುಕೊಂಡು ಹೋಗುತ್ತಾರೆ, ಕೌಂಟರಿನಲ್ಲಿ ಆಧಾರ್ ಮೂಲಕ ಇ-ಸಹಿ ಮಾಡುತ್ತಾರೆ, ಲೈಸೆನ್ಸ್ ಇರುವ ಸಂಸ್ಥೆಯ ಟೈಮ್‌ಸ್ಟಾಂಪ್ ಬೀಳುತ್ತದೆ, ಕ್ಯೂಆರ್ ಕೋಡ್ ಇರುವ ಒಂದು ಚೀಟಿ ಕೈಗೆ ಬರುತ್ತದೆ. ಪಹಣಿಗೆ ಕೊಡುವಷ್ಟು ಶುಲ್ಕ ಇಟ್ಟರೆ ನನ್ನಂಥವರೂ ಕೊಡುತ್ತಾರೆ. ಇಂಟರ್‌ನೆಟ್‌ನಲ್ಲಿ ಉಚಿತವಾಗಿಯೂ ಈ ಸೇವೆ ಸಿಗುತ್ತದೆ, ಬಿಟ್‌ಕಾಯಿನ್‌ನ ಬ್ಲಾಕ್‌ಚೈನ್ ಅನ್ನುವ, ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕದಲ್ಲಿ ಹ್ಯಾಶ್ ಸೇರಿಸುವ ಓಪನ್‌ಟೈಮ್‌ಸ್ಟಾಂಪ್ಸ್ ಅಂಥದ್ದು, ನಾನೂ ಬಳಸುತ್ತೇನೆ, ಚೆನ್ನಾಗಿದೆ. ಆದರೆ ಬಾಗೇಪಲ್ಲಿಯ ಭಜನೆ ತಂಡದವರು ಅದನ್ನು ಠಾಣೆಯಲ್ಲೋ ಕೋರ್ಟಿನಲ್ಲೋ ವಿವರಿಸಿ ಒಪ್ಪಿಸಬೇಕು ಅಂದರೆ ಕಷ್ಟ. ಸರ್ಕಾರದ ಕೌಂಟರಿನಿಂದ ಬಂದ ಚೀಟಿಗೆ ವಿವರಣೆ ಬೇಕಿಲ್ಲ.

ಇದು ಪೂರ್ತಿ ತಮ್ಮ ಕೈಯಲ್ಲಿ ಇಲ್ಲ, ಬೆಂಗಳೂರಿನ ಇ-ಆಡಳಿತ ಇಲಾಖೆ ಒಪ್ಪಬೇಕು ಅನ್ನುವುದು ನನಗೆ ಗೊತ್ತು. ಒಂದು ತಾಲ್ಲೂಕಿನಲ್ಲಿ ಆರು ತಿಂಗಳು ನಡೆಸಿ ನೋಡೋಣ ಅಂತ ತಾವು ಬರೆದರೆ ಸಾಕು. ಶಿಡ್ಲಘಟ್ಟವನ್ನೇ ತೆಗೆದುಕೊಳ್ಳಿ ಅಂತ ಕೇಳುತ್ತೇನೆ, ಇದು ನನ್ನ ಊರು ಅನ್ನುವ ಆಸೆಯೂ ಇದೆ, ತೂಕದ ಚೀಟಿಯ ಬೆಲೆ ಇಲ್ಲಿನ ಪ್ರತಿ ಮನೆಗೂ ಗೊತ್ತು ಅನ್ನುವ ಕಾರಣವೂ ಇದೆ. ತಮ್ಮ ಕೈಯಲ್ಲೇ ಇರುವುದು ಎರಡು ಇವೆ. ವಾರಕ್ಕೊಮ್ಮೆ ಎಲ್ಲರ ಹ್ಯಾಶ್ ಸೇರಿಸಿ ಬಂದ ಆ ಕೊನೆಯ ಒಂದು ಸಾಲನ್ನು ತಮ್ಮ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿಸಿ, ಜಿಲ್ಲೆಯ ಒಂದೆರಡು ಪತ್ರಿಕೆಗೂ ಕೊಡಿಸಿ. ಮತ್ತೆ ತಾಲ್ಲೂಕು ಗ್ರಂಥಾಲಯಗಳಲ್ಲಿ ಅರ್ಧ ದಿನದ ತರಬೇತಿ ಇಡಿಸಿ, ಟೀಚರ್‌ಗಳು, ಸ್ಟುಡಿಯೋದವರು, ಡಿಟಿಪಿಯವರ ಜೊತೆ ಠಾಣೆಯಿಂದ ಒಬ್ಬೊಬ್ಬರು ಬಂದು ಕೂತರೆ ಇನ್ನೂ ಒಳ್ಳೆಯದು. ಹೇಳಿಕೊಡಲು ನಾನು ಬರುತ್ತೇನೆ, ದುಡ್ಡು ಬೇಡ. ಮೂವತ್ತು ಮಕ್ಕಳಿಗೆ ತ್ರಿಕೋನಮಿತಿ ಹೇಳಿಕೊಟ್ಟವಳಿಗೆ ಇದು ಕಷ್ಟವಲ್ಲ.

ನೋಟ್ಸ್‌ನ ಹೊಸ ಆವೃತ್ತಿ ಈ ವರ್ಷ ಮಕ್ಕಳಿಗೆ ಕೊಡುವ ಮೊದಲೇ ಸಹಿ ಹಾಕಿ ಟೈಮ್‌ಸ್ಟಾಂಪ್ ಮಾಡಿದ್ದೇನೆ. 46.2 ಸರಿಯಾಗಿದೆ. ಅಪ್ಪ ಆ ಟೋಕನ್ ಫೈಲನ್ನು ಪ್ರಿಂಟ್ ಮಾಡಿಕೊಡು ಅಂದರು, ಅದು ಪ್ರಿಂಟ್ ಮಾಡುವಂಥದ್ದಲ್ಲ ಅಂದೆ. ಹಾಗಾದರೆ ಹ್ಯಾಶ್ ಆದರೂ ಬರೆದು ಕೊಡು ಅಂದರು. ಬರೆದು ಕೊಟ್ಟೆ, ಗೂಡಿನ ಚೀಟಿಗಳ ಜೊತೆ ಡಬ್ಬಿಯಲ್ಲಿ ಇಟ್ಟಿದ್ದಾರೆ.

ಮುಂದಿನ ಜನತಾ ದರ್ಶನಕ್ಕೆ ಲ್ಯಾಪ್‌ಟಾಪ್ ತೆಗೆದುಕೊಂಡು ಬರುತ್ತೇನೆ. ತಮ್ಮ ಹತ್ತು ನಿಮಿಷ ಕೊಡಿ. ತಾವು ಹೇಳಿದ ಯಾವ ಫೈಲಿಗಾದರೂ ಅಲ್ಲೇ ಸೀಲು ಹಾಕಿ, ಆಮೇಲೆ ತಾವೇ ಒಂದು ಅಂಕಿ ಬದಲಾಯಿಸಿ, ಏನಾಗುತ್ತದೆ ನೋಡಿ. ಡಬ್ಬಿಯನ್ನೂ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶಿಡ್ಲಘಟ್ಟ ತಾಲ್ಲೂಕಿನ ಗಣಿತ ಟೀಚರ್